ಕೊನೆಯ ಚಾಪೆಯಲ್ಲಿ ಕೂತ ಅಣ್ಣ

ಭಾನುವಾರ ನಸುಕಿನಲ್ಲೇ ಚಿತ್ರದುರ್ಗ ಬಿಟ್ಟು ಚಳ್ಳಕೆರೆಯಲ್ಲಿ ಇಳಿದೆ. ಬಿಸಿಲು ಆಗಲೇ ಚುರುಕಾಗಿತ್ತು. ನಿಲ್ದಾಣದ ಎದುರು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಮೊಳಕಾಲ್ಮೂರಿನ ಸರ್ಕಾರಿ ಬಸ್ ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ಸೀಟಿಲ್ಲ. ಮೊಳಕಾಲ್ಮೂರಿನ ಹತ್ತಿರದ ಹಾನಗಲ್‌ವರೆಗೂ ಕಂಬಿ ಹಿಡಿದು ನಿಂತೇ ಹೋದೆ. ಎರಡೂ ಕಡೆ ಶೇಂಗಾ ಹೊಲ, ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು. ಕಾಲು ನೋಯುತ್ತಿದ್ದರೂ ಬೇಸರವಾಗಲಿಲ್ಲ. ಅಣ್ಣ ಜಯರಾಜ ತನ್ನ ಕ್ರೈಸ್ತ ಸಭೆಯಲ್ಲಿ ಮಾಡುವ ಪ್ರಸಂಗ, ಅಂದರೆ ಬೋಧನೆ, ಕೇಳಿ ಬಹಳ ದಿನವಾಗಿತ್ತು.

ಮೊಳಕಾಲ್ಮೂರಿನ ನೇಕಾರರ ಬೀದಿಯ ಹಿಂದೆ, ತಗಡಿನ ಶೀಟಿನಡಿ ಆ ಸಭೆಯನ್ನು ಕಟ್ಟಿದವನು ಅವನೇ. ಮೊದಲ ಕಾಲದ ಕ್ರೈಸ್ತ ಸಭೆಗಳು ಹೇಗಿದ್ದವೋ ಹಾಗೆಯೇ ಇದೂ ಇರಬೇಕೆಂಬುದು ಅವನ ಹಟ. ಒಬ್ಬನೇ ಪಾಸ್ಟರ್ ಬೇಡ, ತಾನೂ ಸೇರಿ ಮೂವರು ಹಿರಿಯರಿರಲಿ, ಮೂವರ ಮಾತಿಗೂ ಒಂದೇ ತೂಕ ಎಂದು ತಾನೇ ಕಟ್ಟಳೆ ಮಾಡಿದ್ದ. ಆದರೂ ನಮ್ಮ ಮನೆಯವರ ಮನಸ್ಸಿನಲ್ಲಿ ಆ ಸಭೆಯೆಂದರೆ ಅವನೇ.

ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಮುಂದೆ ನಿಂತು ಪ್ರಾರ್ಥನೆ ನಡೆಸುತ್ತಿದ್ದವರು ಇನ್ನೊಬ್ಬ ಹಿರಿಯರಾದ ನೇಕಾರ ತಿಪ್ಪೇಸ್ವಾಮಿ. ಅಣ್ಣ ಕೊನೆಯ ಚಾಪೆಯಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕೂತಿದ್ದ.

“ಏನಣ್ಣ ಇದು?” ಹತ್ತಿರ ಕೂತು ಪಿಸುಗುಟ್ಟಿದೆ.

“ನಾನು ಬೋಧನೆ ಮಾಡಂಗಿಲ್ಲ ಸುನೀತಾ. ಹಿರಿಯರ ಸ್ಥಾನದಿಂದ ಇಳಿಸ್ಯಾರೆ. ಸುಮ್ನೆ ಕೂತ್ಕೋ.”

ಒಂದು ಹಾಡೂ ಕಿವಿಗೆ ಬೀಳಲಿಲ್ಲ. ಆರಾಧನೆ ಮುಗಿದದ್ದೇ ತಿಪ್ಪೇಸ್ವಾಮಿಯವರನ್ನು ಅಡ್ಡಗಟ್ಟಿದೆ.

“ಈ ಸಭೆ ಕಟ್ಟಿದ್ದು ಯಾರ್ರೀ? ಅವನನ್ನ ಚಪ್ಪಲಿ ಹತ್ರ ಕೂರಿಸೋಕೆ ಹೆಂಗೆ ಮನಸ್ಸು ಬಂತು ನಿಮಗೆ?”

“ಅಲ್ಲಿ ಕೂತಿದ್ದು ಅವ್ರಾಗೇ, ಸಿಸ್ಟರ್. ಬೋಧನೆ ಬ್ಯಾಡ ಅಂದಿದ್ದು ನಾವಿಬ್ರೂ ಹಿರಿಯರು, ಖರೆ. ಯಾಕೆ ಅಂತ ಅವ್ರನ್ನೇ ಕೇಳ್ರಿ. ನನ್ನ ಬಾಯಾಗೆ ಬರಲ್ಲ ಅದು.”

ಅಂಗಳದಲ್ಲಿ ಅಣ್ಣನ ಸುತ್ತ ಆಗಲೇ ಒಂದಷ್ಟು ಜನ ಸೇರಿದ್ದರು. ಅವರಲ್ಲಿ ಓಬಳೇಶನೆಂಬ ಅಂಗಡಿಯವನು, “ರಾಂಪುರದಾಗೆ ಜಾಗ ನೋಡೀನಿ ಬ್ರದರ್. ಅಲ್ಲಿ ನೀವೊಬ್ರೇ ನಡೆಸ್ರಿ. ನಾವೆಲ್ಲ ಬರ್ತೀವಿ” ಎಂದ.

“ಒಪ್ಕೋ ಅಣ್ಣ” ಎಂದೆ ನಾನೂ.

ಅಣ್ಣ “ಬಾ” ಎಂದು ನನ್ನನ್ನು ಕರೆದುಕೊಂಡು ಹೊರಟ.

ಎರಡು ಓಣಿ ದಾಟಿದರೆ ಸುವರ್ಣಮ್ಮನ ಮನೆ. ಸಭೆಯವಳೇ, ರೇಷ್ಮೆ ಸೀರೆ ನೇಯುವ ಹೆಂಗಸು. ಬಲಗೈಗೆ ಪ್ಲಾಸ್ಟರ್, ಹಣೆಯ ಮೇಲೆ ಹೊಲಿಗೆ. ಮಗ್ಗದಲ್ಲಿದ್ದ ಅರ್ಧ ಸೀರೆಗೆ ಬಟ್ಟೆ ಹೊದಿಸಿದ್ದರು. “ರಾ ತಲ್ಲಿ, ಕೂರ್ಚೋ” ಎಂದು ಅವಳ ತಾಯಿ ತೆಲುಗಿನಲ್ಲಿ ಕೂರಲು ಹೇಳಿ ನನಗೆ ಚಾಪೆ ಹಾಸಿದರು. ಅಣ್ಣನ ಮುಖ ನೋಡಲಿಲ್ಲ.

“ಇವ್ಳಿಗೆ ಫಿಟ್ಸ್ ಐತೆ,” ಅಣ್ಣ ನೆಲ ನೋಡುತ್ತ ನನಗೆ ಹೇಳಿದ. “ದೇವರು ವಾಸಿ ಮಾಡ್ಯಾನೆ, ಮಾತ್ರೆ ಬಿಡು ಅಂತ ಸಭೆ ಮುಂದೆ ಹೇಳ್ದೆ. ತಿಪ್ಪೇಸ್ವಾಮಿ ಬ್ಯಾಡ ಅಂದ್ರು. ನಾನು ಕೇಳ್ಲಿಲ್ಲ. ಜನ ಎಲ್ಲ ಆಮೆನ್ ಅಂದ್ರು.”

ವಾರದೊಳಗೆ, ನೇಯುತ್ತಿದ್ದಾಗಲೇ ಸೆಳೆತ ಬಂದು ಸುವರ್ಣಮ್ಮ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಬಿದ್ದಿದ್ದಳು. ರಕ್ತ ಸುರಿಯುತ್ತಿದ್ದವಳನ್ನು ಆಸ್ಪತ್ರೆಗೆ ಹೊತ್ತೊಯ್ದವರು ಆ ಇಬ್ಬರು ಹಿರಿಯರು. ಆಗಲೂ ಅಣ್ಣ, ಅವಳ ನಂಬಿಕೆಯೇ ಸಾಲದಾಯಿತು ಎಂದಿದ್ದನಂತೆ.

ಚಿಕ್ಕಂದಿನಲ್ಲಿ ನನಗೆ ಜ್ವರ ಬಂದರೆ ರಾತ್ರಿಯೆಲ್ಲ ಎದ್ದಿರುತ್ತಿದ್ದ ಅಣ್ಣ ಇವನೇ?

“ನಿನ್ನ ನಂಬಿಕೆಗೆ ಏನೂ ಆಗಿರ್ಲಿಲ್ಲ ತಾಯಿ. ಸೊಕ್ಕು ನಂದು. ತಪ್ಪಾತು” ಎಂದು ಅವನು ಕೈಮುಗಿದ.

ಸುವರ್ಣಮ್ಮ ಪ್ಲಾಸ್ಟರಿನ ಕೈಯನ್ನು ಮಡಿಲಿಗೆ ಎಳೆದುಕೊಂಡಳು. “ಕೈ ಮುರಿದಿದ್ದು ತಡ್ಕೊಂಡೆ ಅಣ್ಣ. ಆ ಮಾತು ತಡ್ಕೊಳ್ಳಾಕಾಗ್ಲಿಲ್ಲ. ಕ್ಷಮಿಸೀನಿ. ಆದ್ರೆ ನೀವು ಮುಂದೆ ನಿಂತ್ರೆ ನನಗಿನ್ನೂ ಆಮೆನ್ ಅನ್ನಾಕೆ ಬರಲ್ಲ.”

ಬಸ್ ನಿಲ್ದಾಣದ ಹೋಟೆಲಿನಲ್ಲಿ ಮುದ್ದೆ ಊಟ ತರಿಸಿದೆವು. ಇಬ್ಬರೂ ಅರ್ಧಕ್ಕೇ ಎದ್ದು ಕೈ ತೊಳೆದೆವು. ಹೊರಗೆ ಓಬಳೇಶ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ.

“ಏನಂತೀರಿ ಬ್ರದರ್? ಜಾಗ ಮಾತಾಡ್ಲಾ?”

“ಬ್ಯಾಡಪ್ಪ. ಆ ಇಬ್ರು ಇಲ್ದಿದ್ರೆ ಆ ಹೆಣ್ಮಗಳು ಸತ್ತೇ ಹೋಗ್ತಿದ್ಲು. ಅವರಿಲ್ಲದ ಕಡೆ ನನ್ನ ಕರೀಬ್ಯಾಡ.”

ಓಬಳೇಶ ಮುಖ ಬಿಗಿದುಕೊಂಡು ಹೊರಟುಹೋದ. ಬಸ್ ಬಂತು. ಕಿಟಕಿಯಿಂದ ಕೈ ಬೀಸಿದೆ, ಅಣ್ಣ ನೋಡಲಿಲ್ಲ. ತಲೆ ತಗ್ಗಿಸಿ ನೇಕಾರರ ಬೀದಿಯ ಕಡೆ ನಡೆಯುತ್ತಿದ್ದ. ಪ್ರಸಂಗ ಹೆಂಗಿತ್ತು ಎಂದು ಮನೆಯಲ್ಲಿ ಅವ್ವ ಕೇಳುತ್ತಾಳೆ. ಏನು ಹೇಳುವುದೆಂದು ಚಳ್ಳಕೆರೆ ದಾಟಿದರೂ ತೋಚಲಿಲ್ಲ.