ಆಳಕ್ಕೆ ಇಳಿಯುವವಳು ಮ್ವಾತುಮು

ಬೆಳಗಿನ ನಮಾಜು ಮುಗಿಸಿ ಜಂಬಿಯಾನಿ ಎಂಬ ಕಡಲೂರಿನ ಗಂಡಸರು ಮಸೀದಿಯ ಮೆಟ್ಟಿಲ ಮೇಲೆ ಇನ್ನೂ ಚಪ್ಪಲಿ ಹುಡುಕುತ್ತಿರುವಾಗಲೇ ಮ್ವಾತುಮು ದೋಣಿಯಿಂದ ನೀರಿಗೆ ಜಾರುತ್ತಾಳೆ. ಸದ್ದೇ ಆಗುವುದಿಲ್ಲ. ಸ್ವಲ್ಪ ಹೊತ್ತು ನೀರಿನ ಮೇಲೆ ಏನೂ ಕಾಣುವುದಿಲ್ಲ. ದೋಣಿಯಲ್ಲಿ ಕೂತ ಹೆಂಗಸರು ಅದಕ್ಕಾಗಿ ಮಾತು ನಿಲ್ಲಿಸುವವರಲ್ಲ. ನಿನ್ನೆಯ ಮದುವೆಮನೆಯ ಅನ್ನ ಮುದ್ದೆಯಾಗಿತ್ತೋ ಇಲ್ಲವೋ ಎಂಬ ವಾದ ನಡೆದೇ ಇರುತ್ತದೆ. ಆಮೇಲೆ ದೋಣಿಯ ಆಚೆ ಬದಿಯಲ್ಲಿ ಅವಳ ತಲೆ ಮೇಲೇಳುತ್ತದೆ. ಕೈಯಲ್ಲಿ ಕಂದುಬಣ್ಣದ ಕಡಲಪಾಚಿಯ ಗೊಂಚಲು, ಒಂದೊಂದು ಕವಲೂ ಬೆರಳಿನಷ್ಟು ದಪ್ಪ.

"ಪಾಚಿ ಬೆಳ್ಳಗಾಗಿಲ್ಲ," ಎನ್ನುತ್ತಾಳೆ, ಉಪ್ಪುನೀರು ಉಗುಳಿ. "ಬಲೆ ಒಂದು ಕಡೆ ಸಡಿಲ ಆಗಿದೆ, ಅಷ್ಟೆ. ಆ ಹಗ್ಗ ಕೊಡಿ ಇಲ್ಲಿ."

ಹಗ್ಗ ಹಿಡಿದು ಮತ್ತೆ ಮುಳುಗುತ್ತಾಳೆ. ಎರಡಾಳು ಆಳದಲ್ಲಿ, ಕಲ್ಲು ತುಂಬಿದ ಚೀಲಗಳಿಗೆ ಕಟ್ಟಿದ ಉದ್ದುದ್ದ ಬಲೆಗಳೊಳಗೆ ಆ ಪಾಚಿ ಬೆಳೆಯುತ್ತದೆ. ಗಾಳಿ ಏಳುವ ಮೊದಲು ಪ್ರತಿಯೊಂದು ಗಂಟನ್ನೂ ಮುಟ್ಟಿ ನೋಡಬೇಕು. ಗಾಳಿ ಎದ್ದರೆ ನೀರು ಕದಡಿ ಕಣ್ಣಿಗೆ ಕೈ ಕಾಣುವುದಿಲ್ಲ. ದೋಣಿ ಗಂಡ ಮಕಾಮೆಯದು, ಹುಟ್ಟು ಹಾಕುವವರು ಹೆಂಗಸರು, ಕೆಳಗೆ ಇಳಿಯುವವಳು ಮಾತ್ರ ಇವಳು.

ಈ ಪಾಚಿ ಒಣಗಿ, ಪುಡಿಯಾಗಿ, ತೆಂಗಿನೆಣ್ಣೆ ಲವಂಗಗಳ ಜೊತೆ ಸೇರಿ ಸಾಬೂನಾಗುತ್ತದೆ. ಪಟ್ಟಣದ ಹೋಟೆಲುಗಳು ಆ ಸಾಬೂನನ್ನು ಕೇಳಿ ತರಿಸಿಕೊಳ್ಳುತ್ತವೆ. ಸಾಬೂನು ಅಂದರೆ ಎಲ್ಲರಿಗೂ ನೆನಪಾಗುವ ಹೆಸರು ಜುವೇನಾ. ಪಾಚಿ ಬೆಳೆಯುವ ಹೆಂಗಸರ ಸಂಘದ ಅಧ್ಯಕ್ಷೆ, ರೇಡಿಯೋದಲ್ಲಿ ಮಾತಾಡಿದವಳು, ದೂರದ ಅರೂಷಾ ನಗರದ ಯುವ ಮುಂದಾಳುಗಳ ಶಿಬಿರಕ್ಕೆ ಹೋಗಿ ಬಂದವಳು. ಮ್ವಾತುಮುವಿನ ಬಗ್ಗೆ ಬರೆಯಬೇಕು ಎಂದರೆ ಮೊದಲು ಅವಳು ನಂಬುವುದೇ ಇಲ್ಲ.

"ನನ್ನ ಬಗ್ಗೆ ಯಾಕೆ? ಜುವೇನಾ ಸಂಘದ ಚಪ್ಪರದಲ್ಲಿದ್ದಾಳೆ, ಹೋಗಿ. ಚೆನ್ನಾಗಿ ಮಾತಾಡ್ತಾಳೆ. ಮಾತಾಡೋದು ಬಿಟ್ಟು ಇನ್ನೇನು ಕೆಲಸ ಅವಳಿಗೆ."

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ವಾಪಸು ಮಾತ್ರ ತೆಗೆದುಕೊಳ್ಳುವುದಿಲ್ಲ.

ಇಬ್ಬರೂ ಒಂದೇ ಓಣಿಯವರು. ಒಂದೇ ಮದರಸಾದ ಚಾಪೆಯ ಮೇಲೆ ಕೂತು ಓದಿದವರು. ಜುವೇನಾ ಒಮ್ಮೆ ಕೇಳಿದ್ದನ್ನು ಒಪ್ಪಿಸುತ್ತಿದ್ದಳು. ಮ್ವಾತುಮುವಿಗೆ ಅಕ್ಷರಗಳು ಮರಳಿನಲ್ಲಿ ಓಡುವ ಏಡಿಗಳಂತೆ ಕಾಣುತ್ತಿದ್ದವು. ಮ್ವಾತುಮುವಿನ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಬಂಡೆಗೆ ಸಿಕ್ಕಿದ ಬಲೆ ಬಿಡಿಸಲು ಅವನು ಮಗಳನ್ನೇ ನೀರಿಗೆ ಇಳಿಸುತ್ತಿದ್ದ. ಊರಿನ ಹೆಣ್ಣುಮಕ್ಕಳು ಯಾರೂ ಈಜು ಕಲಿಯದ ಕಾಲದಲ್ಲಿ ಅವಳು ಹಾಗೆ ಕಲಿತಳು. "ಇವಳ ಮದುವೆಗೆ ವರ ಹುಡುಕೋದು ಬೇಡ, ಗಾಳ ಹಾಕಿದ್ರೆ ಸಾಕು" ಎಂದು ಓಣಿಯಲ್ಲಿ ನಗುತ್ತಿದ್ದರು.

ದೊಡ್ಡವರಾದ ಮೇಲೆ ಇಬ್ಬರೂ ಬಿ ಪಿಲಿಯ ಬೆನ್ನ ಹಿಂದೆ, ನೀರಿನಲ್ಲಿ ನೆಟ್ಟ ಗೂಟಗಳ ನಡುವಿನ ಹಗ್ಗಗಳಿಗೆ ಪಾಚಿ ಕಟ್ಟಲು ಹೋದರು. ಬಿ ಎಂದರೆ ಹಿರಿಯ ಹೆಂಗಸಿಗೆ ಕೊಡುವ ಮರ್ಯಾದೆ; ಬಿ ಪಿಲಿ ಈಗ ಸಂಘದ ಹಿರಿಯಳು, ಜೀವಮಾನವಿಡೀ ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ ದುಡಿದವಳು. ವರ್ಷ ಕಳೆದಂತೆ ಆ ನೀರು ಬಿಸಿಯಾಗತೊಡಗಿತು. ಒಳ್ಳೆಯ ಬೆಲೆ ತರುವ ದಪ್ಪ ಪಾಚಿ ತುದಿಯಿಂದ ಬಿಳಿಚಿಕೊಂಡು ಮುರಿದು ಬೀಳತೊಡಗಿತು. ಹೆಂಗಸರು ಒಬ್ಬೊಬ್ಬರೇ ಹಗ್ಗ ಮಡಿಸಿಟ್ಟು ಮನೆಗೆ ಹೋದರು. ಆಗ ಒಂದು ಕಟ್ಟು ಪಾಚಿಯನ್ನು ಮಕಾಮೆಯ ಹಳೇ ಬಲೆಯಲ್ಲಿ ಸುತ್ತಿ ಆಳಕ್ಕೆ ಇಳಿಸಿ ನೋಡಿದವಳು ಮ್ವಾತುಮು. ಕೆಳಗೆ ನೀರು ತಣ್ಣಗಿತ್ತು. ಪಾಚಿ ಉಳಿಯಿತು, ಬೆಳೆಯಿತು. ಅದನ್ನು ಸಾಬೂನು ಮಾಡೋಣ, ಸಂಘ ಕಟ್ಟೋಣ ಎಂದವಳು ಜುವೇನಾ. ಯಾರದು ಯಾವುದು ಎಂಬ ಲೆಕ್ಕ ಆಗ ಇಬ್ಬರ ತಲೆಯಲ್ಲೂ ಇರಲಿಲ್ಲ.

ಲೆಕ್ಕ ಶುರುವಾದದ್ದು ಶಿಬಿರದಿಂದ. ಊರೂರಿನಿಂದ ಸ್ವಂತ ಕಸುಬು ಕಟ್ಟುತ್ತಿರುವ ಹುಡುಗ ಹುಡುಗಿಯರನ್ನು ಆರಿಸಿ ಮುಂದಾಳುತನ ಕಲಿಸುತ್ತಾರಂತೆ ಎಂಬ ಸುದ್ದಿ ತಂದವಳು ಜುವೇನಾ. ಇಬ್ಬರೂ ಹೆಸರು ಕೊಟ್ಟರು. ಇಬ್ಬರನ್ನೂ ಸಂದರ್ಶನಕ್ಕೆ ಪಟ್ಟಣಕ್ಕೆ ಕರೆದರು.

"ಒಳಗೆ ಫ್ಯಾನು, ಮೇಜು, ಮೇಜಿನ ಹಿಂದೆ ನಗುಮುಖದವರು," ಎನ್ನುತ್ತಾಳೆ ಮ್ವಾತುಮು. " ಐದು ವರ್ಷ ಆದ್ಮೇಲೆ ನಿನ್ನನ್ನ ಎಲ್ಲಿ ಕಾಣ್ತೀಯ ಅಂತ ಕೇಳಿದ್ರು. ನೀರಲ್ಲಿ ಅಂದೆ. ಅವರು ನಕ್ಕರು. ಕೆಟ್ಟ ನಗು ಅಲ್ಲ, ಮಗುನ ನೋಡಿ ನಗ್ತಾರಲ್ಲ, ಹಾಗೆ. ಕೆಟ್ಟದಾಗಿ ನಕ್ಕಿದ್ರೆ ಬೈಬಹುದಿತ್ತು."

ಜುವೇನಾಳನ್ನು ಆರಿಸಿದರು. ಹೊರಡುವ ಮುನ್ನ ಅವಳು ರೇಡಿಯೋದಲ್ಲಿ ಮಾತಾಡಿದಳು. "ನೀರು ಬಿಸಿಯಾಯಿತು, ನಾವು ಕೈಕಟ್ಟಿ ಕೂರಲಿಲ್ಲ, ಆಳಕ್ಕೆ ಇಳಿದೆವು" ಎಂದಳು. ಓಣಿಯ ಪ್ರತಿ ಮನೆಯಿಂದಲೂ ಆ ದನಿ ಕೇಳುತ್ತಿದ್ದಾಗ ಮ್ವಾತುಮು ಮರಗೆಣಸು ಸುಲಿಯುತ್ತಿದ್ದಳು.

"ನಾವು ಅಂದಳು," ಎಂದು ಇವತ್ತಿಗೂ ಆ ಪದವನ್ನು ಹಲ್ಲಿನಡಿ ಸಿಕ್ಕಿದ ಮರಳಿನಂತೆ ಆಡುತ್ತಾಳೆ. "ಸೊಂಟದ ಮೇಲೆ ನೀರು ಬಂದ್ರೆ ಕಿರುಚೋಳು ಅವಳು."

ಜುವೇನಾ ಅರೂಷಾದಲ್ಲಿದ್ದಷ್ಟು ದಿನವೂ ಮ್ವಾತುಮುವಿನ ಹೊಟ್ಟೆಯೊಳಗೆ ಒಲೆ ಉರಿಯುತ್ತಿತ್ತು. ಫೋನಿಗೆ ಬರುವ ಅವಳ ದನಿಯ ಸಂದೇಶಗಳನ್ನು ತೆರೆಯುತ್ತಿರಲಿಲ್ಲ. ಯಾರಾದರೂ ಜುವೇನಾ ಹೇಗಿದ್ದಾಳೆ ಎಂದರೆ "ಚಳಿಯಂತೆ ಅಲ್ಲಿ" ಎಂದಷ್ಟೇ ಹೇಳುತ್ತಿದ್ದಳು. ನಮಾಜಿನ ಚಾಪೆಯ ಮೇಲೆ ಕೂತು ಒಂದು ದಿನ ಗೆಳತಿಗೆ ಜ್ವರ ಬರಲಿ ಎಂದು ಬೇಡಿಕೊಂಡದ್ದೂ ಉಂಟು. "ದೊಡ್ಡದಲ್ಲ. ಮಾತಾಡೋ ದಿನ ಗಂಟಲು ಕಟ್ಟೋವಷ್ಟು." ಮಕಾಮೆ ಹೆಂಡತಿಯ ಮುಖ ನೋಡಿ, "ಹುಣಸೆಹಣ್ಣು ಸಂತೇಲಿ ಯಾಕೆ ತರೋದು, ನಿನ್ನ ಮುಖ ಸಾರಿಗೆ ಅದ್ದಿದ್ರೆ ಆಯ್ತು" ಎಂದು ಛೇಡಿಸಿದ. ಆ ದಿನ ಅವನಿಗೆ ಸಾರೇ ಸಿಗಲಿಲ್ಲ.

ಜುವೇನಾ ವಾಪಸಾದಳು. ಬಂದವಳೇ ಚಪ್ಪರದಲ್ಲಿ ಎಲ್ಲರನ್ನೂ ಸುತ್ತ ಕೂರಿಸಿ, ನಿಮ್ಮ ನಿಮ್ಮ ಶಕ್ತಿ ಏನು ಹೇಳಿ ಎಂದಳು.

"ನನ್ನ ಶಕ್ತಿ ಸೊಂಟದಲ್ಲಿತ್ತು ಮಗಳೇ," ಎಂದಳು ಬಿ ಪಿಲಿ. "ಅದು ಹೋಗಿ ಕಾಲ ಆಯ್ತು. ಮುಂದಿನೋರನ್ನ ಕೇಳು."

ಎಲ್ಲರೂ ನಕ್ಕರು, ಜುವೇನಾಳೂ ನಕ್ಕಳು. ಮ್ವಾತುಮು ತನ್ನ ಸರದಿ ಬಂದಾಗ ಪಾಚಿ ಮಗುಚಬೇಕು ಎಂದು ಎದ್ದು ಹೋದಳು.

ಅದೇ ವಾರ ಜುವೇನಾ ಅವಳ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಶಿಬಿರದವರು ಬರುತ್ತಿದ್ದಾರೆ, ಆಳದ ತೋಟ ನೋಡಬೇಕಂತೆ, ಅಧ್ಯಕ್ಷೆಯೇ ಇಳಿದು ತೋರಿಸಬೇಕಂತೆ.

"ನನಗೆ ಈಜು ಕಲಿಸೇ."

"ಅರೂಷಾದಲ್ಲಿ ಕಲಿಸಲಿಲ್ವಾ?"

"ಅಲ್ಲಿ ಬೆಟ್ಟ ಇದೆ ಕಣೇ, ಸಮುದ್ರ ಎಲ್ಲಿದೆ."

ಕಲಿಸುತ್ತೇನೆ ಎಂದು ಒಪ್ಪಿಕೊಂಡಾಗ ಆದ ಸಂತೋಷ ಒಳ್ಳೆಯ ಸಂತೋಷವಲ್ಲ ಎಂದು ಮ್ವಾತುಮುವಿಗೆ ಗೊತ್ತಿತ್ತು. ಎಣ್ಣೆಯ ಖಾಲಿ ಕ್ಯಾನನ್ನು ಗೆಳತಿಯ ಎದೆಗೆ ಕಟ್ಟಿ, ಎಲ್ಲ ಹೆಂಗಸರೂ ಪಾಚಿ ಒಣಹಾಕುವ ಹೊತ್ತಿಗೇ, ಅವರ ಕಣ್ಣೆದುರಿಗೇ ಕಾಲು ಬಡಿಸಿದಳು. "ಇನ್ನೂ ಜೋರಾಗಿ, ಅಧ್ಯಕ್ಷರೇ" ಎಂದು ಕೂಗಿದಳು. ಜುವೇನಾ ನೀರು ಕುಡಿದಳು, ಕೆಮ್ಮಿದಳು, ಮರುದಿನ ಮತ್ತೆ ಬಂದಳು. ಬಾರದೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ ಮ್ವಾತುಮು. ಹಾಗೆ ಬರುವುದನ್ನು ನೋಡಿ ಉರಿ ಇನ್ನೂ ಹೆಚ್ಚಾಯಿತು.

ಆಮೇಲೊಂದು ಬೆಳಿಗ್ಗೆ ಇಬ್ಬರೇ ದೋಣಿಯಲ್ಲಿ ಆಳದ ತೋಟಕ್ಕೆ ಹೋದರು. ಆ ದಿನ ಕ್ಯಾನು ಇರಲಿಲ್ಲ. ಜುವೇನಾಳ ಅಂಗೈಗಳು ಮ್ವಾತುಮುವಿನ ಅಂಗೈಗಳ ಮೇಲಿದ್ದವು. ಕಾಲು ಸರಿಯಾಗಿಯೇ ಆಡುತ್ತಿತ್ತು. "ಬಿಡಬೇಡ ಆಯ್ತಾ" ಎಂದಳು ಜುವೇನಾ. ಮ್ವಾತುಮು ಬಿಟ್ಟಳು.

"ಜಾರಿತು ಅಂತ ಹೇಳಬಹುದು. ಜಾರಲಿಲ್ಲ. ನಾನೇ ಬಿಟ್ಟೆ," ಎನ್ನುವಾಗ ಅವಳು ಎದುರಿನವರ ಮುಖ ನೋಡುವುದಿಲ್ಲ, ಉಟ್ಟ ಕಾಂಗಾ ಬಟ್ಟೆಯ ಅಂಚು ಹಿಂಡುತ್ತಿರುತ್ತಾಳೆ. "ಅವಳು ಕೆಳಗೆ ಹೋಗೋದನ್ನ ನೋಡಿದೆ. ಕಣ್ಣು ಬಿಟ್ಟೇ ಹೋದಳು. ಅವಳೂ ನನ್ನನ್ನ ನೋಡ್ತಿದ್ದಳು."

ಆಮೇಲೆ ತಾನೂ ಮುಳುಗಿ, ಅವಳ ಬಟ್ಟೆಗೆ ಕೈಹಾಕಿ ಎಳೆದು ದೋಣಿಗೆ ಹತ್ತಿಸಿದಳು. ಜುವೇನಾ ಬಹಳ ಹೊತ್ತು ವಾಂತಿ ಮಾಡಿದಳು.

"ಕೈ ಬಿಟ್ಟೆ ನೀನು."

"ಹೂಂ."

"ಯಾಕೆ?"

"ನಿನಗೆ ಮಾತು ಬಾರದೇ ಇರೋದನ್ನ ಒಂದು ಸಲ ನೋಡಬೇಕಿತ್ತು."

ಜುವೇನಾ ಮುಖ ಒರೆಸಿಕೊಂಡು ಹುಟ್ಟು ಕೈಗೆತ್ತಿಕೊಂಡಳು. ದಡಕ್ಕೆ ಬಂದ ಮೇಲೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೇಳಿದ್ದರೆ ಸಂಘದಿಂದ ಹೊರಗೆ ಹಾಕುತ್ತಿದ್ದರು, ಮಕಾಮೆ ಮುಖ ತಿರುಗಿಸುತ್ತಿದ್ದ. ಅದೆಲ್ಲ ಆಗಲಿ ಎಂದೇ ಮ್ವಾತುಮು ಕಾದಳು. ಏನೂ ಆಗಲಿಲ್ಲ. ಅವಳಿಗೆ ಊಟ ಸೇರಲಿಲ್ಲ.

ಶಿಬಿರದವರು ಬಂದರು. ದೋಣಿ ತೋಟದ ಮೇಲೆ ನಿಂತಿತು. ಇಳಿಯಿರಿ ಎಂದು ಎಲ್ಲರೂ ಜುವೇನಾಳನ್ನು ನೋಡಿದರು.

"ನಾನು ಇಳಿಯಲ್ಲ," ಎಂದಳು ಅವಳು. "ನನಗೆ ಈಜು ಬರಲ್ಲ, ನೀರು ಅಂದ್ರೆ ಭಯ. ಈ ಆಳ ಕಂಡುಹಿಡಿದೋಳು ಇವಳು. ಇಳಿಯೋಳೂ ಇವಳೇ. ರೇಡಿಯೋದಲ್ಲಿ ನಾನು ಹೇಳಿದ್ದು ತಪ್ಪು."

ಮ್ವಾತುಮು ಇಳಿದಳು. ಗೊಂಚಲು ಹಿಡಿದು ಮೇಲೆ ಬಂದಾಗ ದೋಣಿಯಲ್ಲಿ ಚಪ್ಪಾಳೆ. ನೋಡಿದರೆ ಅದು ಇವಳಿಗಲ್ಲ. ತಪ್ಪು ಒಪ್ಪಿಕೊಳ್ಳುವುದೇ ನಿಜವಾದ ಮುಂದಾಳಿನ ಗುಣ ಎಂದು ಬಂದವರು ಜುವೇನಾಳ ಕೈ ಕುಲುಕುತ್ತಿದ್ದರು.

ಆ ಸಂಜೆ ಮ್ವಾತುಮು ನೇರವಾಗಿ ಅವಳ ಮನೆಗೆ ನುಗ್ಗಿದಳು. ಆ ಜಗಳವನ್ನು ಓಣಿ ಪೂರ್ತಿ ಕೇಳಿದೆ.

"ಎಲ್ಲಾ ನೀನೇ ತಗೊಂಡೆ. ಮಾತು ತಗೊಂಡೆ, ಅರೂಷಾ ತಗೊಂಡೆ. ಒಳ್ಳೆಯೋಳು ಅನ್ನಿಸ್ಕೊಳ್ಳೋದನ್ನಾದ್ರೂ ನನಗೆ ಬಿಡಬಾರದಿತ್ತಾ?"

"ಕೈ ಬಿಟ್ಟೋಳು ಬಂದು ಒಳ್ಳೆಯೋಳು ಅನ್ನಿಸ್ಕೋಬೇಕಂತೆ," ಎಂದಳು ಜುವೇನಾ. ಈ ಸಲ ಅವಳ ದನಿಯೂ ಏರಿತ್ತು. "ಎಷ್ಟು ಹೊಟ್ಟೆಕಿಚ್ಚು ಇದ್ದರೂ ಪರವಾಗಿಲ್ಲ, ಎದುರಿಗೆ ಬೈಯಬೇಕಿತ್ತು. ನೀರಲ್ಲಿ ಯಾಕೆ ತೀರಿಸ್ಕೊಂಡೆ? ನೀರಲ್ಲಿ ನಿನ್ನ ಬಿಟ್ರೆ ನನಗೆ ಯಾರಿದ್ದಾರೆ?"

ಮ್ವಾತುಮು ಹೊಸ್ತಿಲ ಮೇಲೆ ಕೂತು ಅತ್ತಳು. ಬಿ ಪಿಲಿ ಬಂದು ಇಬ್ಬರ ನಡುವೆ ಚಹಾ ಇಟ್ಟು, "ನನಗೂ ಈಜು ಕಲಿಸು ಹಾಗಾದ್ರೆ," ಎಂದಳು. "ಇಷ್ಟೊಂದು ಜಗಳ ಆಗೋ ವಿದ್ಯೆ ಏನು ಅಂತ ನಾನೂ ನೋಡ್ತೀನಿ."

ಹಾಗೆ ತಮಾಷೆಗೆ ಹೇಳಿದ ಮಾತೇ ಈಗ ಪಾಠಶಾಲೆಯಾಗಿದೆ. ನೆಲದ ಮೇಲೆ ಜುವೇನಾಳ ಮಾತು, ನೀರಿನಲ್ಲಿ ಮ್ವಾತುಮುವಿನ ಮಾತು ನಡೆಯಬೇಕು ಎಂದು ಇಬ್ಬರೂ ಕರಾರು ಮಾಡಿಕೊಂಡಿದ್ದಾರೆ. ಗಾಳಿ ಇಳಿಯುವ ಹೊತ್ತಿಗೆ ಸಂಘದ ಹೆಂಗಸರು ಕ್ಯಾನು ಹಿಡಿದು ದಡಕ್ಕೆ ಬರುತ್ತಾರೆ. ಗೂಟಗಳ ನಡುವೆ ಬಗ್ಗಿ ಬಗ್ಗಿ ಬೆನ್ನು ಮುರಿದುಕೊಂಡವರು ಬೆನ್ನು ನೆಟ್ಟಗೆ ಮಾಡಿ ಅಂಗಾತ ತೇಲುತ್ತಾರೆ. ಬಿ ಪಿಲಿ ತೇಲುತ್ತಲೇ ನಿದ್ದೆ ಹೋಗುತ್ತಾಳೆ ಎಂದು ಉಳಿದವರ ದೂರು. ಕರಾವಳಿಯ ಕಿಜಿಂಕಾಜಿ, ಪಾಜೆ ಊರುಗಳಿಂದಲೂ ಹುಡುಗಿಯರು ಕಲಿಯಲು ಬರುತ್ತಾರೆ. ಕೆಲವರು ತಮ್ಮೂರಿನಲ್ಲಿ ಆಗಲೇ ಸ್ವಂತ ಆಳದ ತೋಟ ಹಾಕಿದ್ದಾರೆ. ಮ್ವಾತುಮು ಯಾರ ಕೈಯನ್ನೂ ಹೇಳದೆ ಬಿಡುವುದಿಲ್ಲ. "ಬಿಡ್ತೀನಿ" ಎನ್ನುತ್ತಾಳೆ, ಅವರು ಹೂಂ ಅನ್ನುವ ತನಕ ಕಾಯುತ್ತಾಳೆ.

ಶಿಬಿರದವರು ಈ ವರ್ಷ ಮತ್ತೆ ಹೆಸರು ಕೊಡು ಎಂದಿದ್ದಾರೆ. ಕೊಡುತ್ತಾಳಂತೆ. ಐದು ವರ್ಷದ ಪ್ರಶ್ನೆ ಬಂದರೆ ಉತ್ತರ ಬದಲಾಯಿಸುವುದಿಲ್ಲವಂತೆ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ ಅವಳು ಬಾಯ್ತುಂಬ ನಗುತ್ತಾಳೆ. "ಎಲ್ಲಿಗೆ ಹೋಗುತ್ತೆ. ನಿನ್ನೆ ಕೂಡ ಅವಳ ಹೊಸ ಕಾಂಗಾ ನೋಡಿ ಉರೀತು."

ಎಲ್ಲ ಹೆಂಗಸರೂ ಕಲಿತರು, ಜುವೇನಾ ಒಬ್ಬಳು ಇನ್ನೂ ಕಲಿತಿಲ್ಲ. ಆಳಕ್ಕೆ ಬಂದೊಡನೆ ಅವಳ ಬೆರಳುಗಳು ಮ್ವಾತುಮುವಿನ ಮಣಿಕಟ್ಟನ್ನು ಕಚ್ಚಿ ಹಿಡಿಯುತ್ತವೆ. ಬಿಡ್ತೀನಿ ಎಂದರೆ ಬೇಡ ಎನ್ನುತ್ತಾಳೆ. ಇವಳು ಬಿಡುವುದಿಲ್ಲ. ವಾರಕ್ಕೊಮ್ಮೆ ಹೀಗೇ ನಡೆಯುತ್ತದೆ. ನಿನಗೇನು ಆಸೆ ಎಂದು ಕೇಳಿದಾಗ ಮ್ವಾತುಮು ದಡದ ಕಡೆ ನೋಡಿ, ಜುವೇನಾ ಕೇಳುವಷ್ಟು ಹತ್ತಿರ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಹೇಳುತ್ತಾಳೆ:

"ಒಂದಿನ ಅವಳೇ ಬಿಡು ಅಂತಾಳೆ. ಆವತ್ತು ದೋಣೀಲಿ ಬೇರೆ ಯಾರೂ ಇರಬಾರದು. ಅವಳು ಈಜೋದನ್ನ ನಾನೊಬ್ಬಳೇ ನೋಡಬೇಕು."