ಯಾವ ದೋಣಿಯ ಮೀನು ಆ ದೋಣಿಗೆ

ಐಸ್‌ಲ್ಯಾಂಡಿನ ಬಂದರುಗಳಲ್ಲಿ ತೂಕದವರೆಂದರೆ ಎಲ್ಲರಿಗೂ ಬೇಕಾದವರು, ಯಾರಿಗೂ ಪ್ರಿಯರಲ್ಲದವರು. ದಡಕ್ಕೆ ಬಂದ ಒಂದೊಂದು ಮೀನೂ ಅವರ ತಕ್ಕಡಿಯನ್ನು ಹಾದು, ಹಿಡಿದ ದೋಣಿಗೆ ಸರ್ಕಾರ ವರ್ಷಕ್ಕಿಷ್ಟೆಂದು ಗೊತ್ತುಮಾಡಿದ ಪಾಲಿನಿಂದ ವಜಾ ಆಗಬೇಕು. ದೋಣಿ ಕಟ್ಟುವ ದಕ್ಕೆಯಲ್ಲಿ ತೂಕ ತಪ್ಪಿದರೆ ಕಡಲಿನ ಲೆಕ್ಕವೇ ತಪ್ಪುತ್ತದೆ. ಅಂಥ ಕೆಲಸದಲ್ಲಿ ಕೂದಲು ನರೆಯುವವರೆಗೂ ನಿಂತು, ಚಳಿಗಾಳಿಯನ್ನೂ ಬೈಗುಳವನ್ನೂ ಒಂದೇ ಕೋಟಿನಲ್ಲಿ ತಡೆದುಕೊಂಡು, ಇದೀಗ ನಿವೃತ್ತರಾಗುತ್ತಿರುವ ಸ್ಕೆಲ್‌ವಿಕ್ ಬಂದರಿನ ಸಾಲ್ವೋರ್ ಯೋರುಂಡ್ಸ್‌ಡೋಟ್ಟಿರ್ ಅವರ ಬಗ್ಗೆ ಈ ಅಭಿನಂದನ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ, ಅದೇ ಕಚೇರಿಯಲ್ಲಿ ಅವರ ಕಾಫಿ ಕುಡಿದು ಬೆಳೆದ ನಮ್ಮದಾಗಿದೆ.

ಸಾಲ್ವೋರ್ ಹುಟ್ಟಿದ್ದು ದೋಣಿಯವರ ಮನೆಯಲ್ಲಿ. ತಂದೆಯ ಜೊತೆ ಗಾಳ ಹಾಕಿ, ಪರೀಕ್ಷೆ ಕಟ್ಟಿ, ಚಿಕ್ಕ ವಯಸ್ಸಿಗೇ ದೋಣಿ ನಡೆಸುವ ತಾಂಡೇಲರ ಪರವಾನಗಿ ಪಡೆದವರು. ತಂದೆ ದೋಣಿ ಮಾರಿದ ವರ್ಷ ಬಂದರಿನ ತೂಕದ ಕೆಲಸ ಸಿಕ್ಕಿತು. ಅಂದಿನಿಂದ ಅವರು ಯಾವ ದೋಣಿಗೂ ಕಾಲಿಡಲಿಲ್ಲ. ತೂಗುವವರು ಹಿಡಿಯುವವರ ಋಣದಲ್ಲಿರಬಾರದು ಎಂಬುದು ಅವರ ಮತ. ದಡಕ್ಕೆ ಬಂದವರು ನೆರೆಹೊರೆಯವರ ಸಾರಿಗೆಂದು ಒಂದೆರಡು ಮೀನು ಕೊಡುವುದು ನಮ್ಮೂರಿನ ಹಳೆಯ ರೂಢಿ. ಅದನ್ನೂ ಅವರು ಮುಟ್ಟಲಿಲ್ಲ. ಮೀನಿನ ಊರಿನಲ್ಲಿ ಅಂಗಡಿಯಿಂದ ಮೀನು ಕೊಂಡು ತಿನ್ನುವ ಹೆಂಗಸು ಇವರೊಬ್ಬರೇ ಎಂದು ಊರು ನಕ್ಕಿತು. ಕಡಲು ಕಣ್ಣೆದುರಿಗೇ ಇದ್ದು, ತಾನು ಮಾತ್ರ ದಡದಲ್ಲಿ ನಿಲ್ಲುವುದು ಅವರಿಗೆ ಎಷ್ಟು ಕಷ್ಟವಾಗಿತ್ತೆಂಬುದು ನಗುವವರಿಗೆ ಗೊತ್ತಿರಲಿಲ್ಲ.

ತೂಕದಲ್ಲಿ ಅವರ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ತೊಟ್ಟಿಗಳಲ್ಲಿ ಮೀನಿನ ಜೊತೆ ಐಸೂ ಇರುತ್ತದೆ. ಒಂದು ತೊಟ್ಟಿಯ ಐಸನ್ನು ಬೇರ್ಪಡಿಸಿ ನೋಡಿ, ಅದೇ ಪ್ರಮಾಣದಲ್ಲಿ ಉಳಿದವುಗಳಿಂದಲೂ ಕಳೆಯುವುದು ಕ್ರಮ. ಐಸು ಹೆಚ್ಚು ಕಳೆದಷ್ಟೂ ದೋಣಿಯ ಪಾಲು ಕಡಿಮೆ ಸವೆಯುತ್ತದೆಯಾದ್ದರಿಂದ, ನಮ್ಮ ತಾಂಡೇಲರು ಐಸು ತುಂಬಿ ತುಳುಕುವ ತೊಟ್ಟಿಯನ್ನೇ ಭಕ್ತಿಯಿಂದ ಮುಂದೆ ತಂದಿಡುತ್ತಿದ್ದರು. ಸಾಲ್ವೋರ್ ಅದರ ಬೆನ್ನು ತಟ್ಟಿ, ಹಿಂದಿನ ತೊಟ್ಟಿಗೆ ಹೋಗುತ್ತಿದ್ದರು. ಇಷ್ಟು ಬಿಗಿಯಾದವರೇ ಚಳಿಗಾಲದಲ್ಲಿ ಎಲ್ಲರ ಒದ್ದೆ ಕೈಗವಸುಗಳನ್ನು ಹೀಟರಿನ ಮೇಲೆ ಸಾಲಾಗಿ ಒಣಹಾಕಿಡುತ್ತಿದ್ದರು. ಯಾವುದಾದರೂ ದೋಣಿಯ ಪಾಲು ಮುಗಿಯುತ್ತ ಬಂದರೆ, ಕಚೇರಿಯ ಸೂಚನೆ ಹೋಗುವ ಮೊದಲೇ ತಾವೇ ದಕ್ಕೆಯುದ್ದ ನಡೆದುಹೋಗಿ ಮೆಲ್ಲನೆ ತಿಳಿಸುತ್ತಿದ್ದರು.

ಅವರ ಸೇವಾವಧಿಯಲ್ಲಿ ಊರೆಲ್ಲ ಅವರಿಂದ ಮುಖ ತಿರುಗಿಸಿದ ಬೇಸಿಗೆಯೊಂದಿದೆ. ಅದನ್ನು ಮರೆತು ಬರೆದರೆ ಈ ಲೇಖನ ಬರೀ ಹೊಗಳಿಕೆಯಾಗುತ್ತದೆ.

ಹಾವ್ಲಿದಿ ಎಂಬ ಹಿರಿಯ ತಾಂಡೇಲರು ಒಂಟಿಯಾಗಿ ಒಂದು ಚಿಕ್ಕ ದೋಣಿ ನಡೆಸುತ್ತಿದ್ದರು. ಆ ವಸಂತದಲ್ಲಿ ಏಣಿಯಿಂದ ಜಾರಿ ಕಾಲು ಮುರಿದುಕೊಂಡರು. ನಮ್ಮ ಮೀನುಗಾರಿಕೆಯ ವರ್ಷ ಮುಗಿಯುವುದು ಆಗಸ್ಟ್ ಕೊನೆಗೆ. ಅಷ್ಟರೊಳಗೆ ಪಾಲಿನ ಅರ್ಧವನ್ನಾದರೂ ಆ ದೋಣಿಯೇ ಹಿಡಿದು ತರದಿದ್ದರೆ ಪಾಲು ಶಾಶ್ವತವಾಗಿ ಕೈತಪ್ಪಿ ಬೇರೆಯವರಿಗೆ ಹಂಚಿಹೋಗುತ್ತದೆ. ಹಾವ್ಲಿದಿಯವರಿಗೆ ಆ ಪಾಲು ಬಿಟ್ಟರೆ ಬೇರೆ ಆಸರೆಯಿರಲಿಲ್ಲ. ಬೇರೆ ದೋಣಿಗಳವರೂ ತಮ್ಮ ತಮ್ಮ ಪಾಲು ಮುಗಿಸುವ ಅವಸರದಲ್ಲಿದ್ದರು. ಆದರೂ ಊರು ಕೈಕಟ್ಟಿ ಕೂರಲಿಲ್ಲ. ಬ್ರಿನ್ಯಾರ್ ಎಂಬ ತಾಂಡೇಲ, ಬಾಯಿ ಜೋರು, ಮನಸ್ಸು ಬೆಣ್ಣೆ, ತಾನು ಹಿಡಿದ ಮೀನಿನ ಎರಡು ತೊಟ್ಟಿಗಳನ್ನು ತಕ್ಕಡಿಯ ಮುಂದೆ ಬೇರೆಯಾಗಿಟ್ಟ.

"ಇವೆರಡು ನನ್ನವಲ್ಲ ಅಕ್ಕ, ಹಾವ್ಲಿದಣ್ಣನ ದೋಣಿಯದ್ದು ಅಂತ ಹಾಕ್ಕೊಳ್ಳಿ."

"ಅವರ ದೋಣಿ ಅಲ್ಲೇ ಕಟ್ಟಿದೆಯಲ್ಲೋ. ಮೀನು ತಾನಾಗೇ ಹತ್ತಿ ಕೂತ್ಕೊಂಡ್ವಾ?"

"ಎಲ್ಲರೂ ಒಂದೊಂದು ತೊಟ್ಟಿ ಕೊಡೋಣ ಅಂತ ಮಾತಾಡ್ಕೊಂಡಿದ್ದೀವಿ. ನನ್ನ ಮೀನು, ನನ್ನ ಇಷ್ಟ. ದಾನ ಮಾಡೋಕೂ ನಿಮ್ಮ ಅಪ್ಪಣೆ ಬೇಕಾ?"

"ಮೀನು ದಾನ ಮಾಡು, ಯಾರು ಬೇಡ ಅಂದ್ರು. ಆದ್ರೆ ಯಾವ ದೋಣಿ ಹಿಡೀತೋ ಆ ದೋಣಿಗೇ ಬರೆಯೋದು. ಇವತ್ತು ನಿನಗೆ ಹೂಂ ಅಂದ್ರೆ, ನಾಳೆ ದೊಡ್ಡ ಹಡಗಿನವರು ಬಂದು ನಮಗೂ ಹಾಗೇ ಬರ್ಕೊಳ್ಳಿ ಅಂತಾರೆ. ಆಗ ಯಾವ ಬಾಯಲ್ಲಿ ಬೇಡ ಅನ್ನಲಿ?"

ತೊಟ್ಟಿಗಳು ಬ್ರಿನ್ಯಾರನ ಲೆಕ್ಕಕ್ಕೇ ಸೇರಿದವು. ಸಂಜೆಯೊಳಗೆ ಊರಿನ ಕಾಫಿ ಅಂಗಡಿಯಲ್ಲಿ, "ಆಯಮ್ಮನ ಎದೇಲಿರೋದೂ ಐಸೇ" ಎಂಬ ಮಾತು ಹುಟ್ಟಿತು. ಮಾತು ಅವರ ಕಿವಿಗೂ ಬಿತ್ತು. ಆ ದಿನದ ಬಗ್ಗೆ ಕೆಲವು ವರ್ಷಗಳ ಮೇಲೆ ನಮ್ಮೊಡನೆ ಹೇಳಿಕೊಂಡರು. ತಾನು ಮಾಡಿದ್ದು ಸರಿಯೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ; ಸರಿಯಾದದ್ದನ್ನು ಮಾಡಿ ಮುದುಕರೊಬ್ಬರನ್ನು ಬೀದಿಗೆ ತಳ್ಳುತ್ತಿದ್ದೇನಲ್ಲ ಎಂಬ ಸಂಕಟ ಅವರನ್ನು ಕಿತ್ತು ತಿನ್ನುತ್ತಿತ್ತು.

ಮಾರನೆಯ ದಿನ ಅವರು ಹಾವ್ಲಿದಿಯವರ ಮನೆಗೆ ಹೋದರು. ಮುದುಕರು ಒಣಮೀನಿಗೆ ಬೆಣ್ಣೆ ಸವರಿ ಮುಂದಿಟ್ಟರು.

"ನೀನು ಮಾಡಿದ್ದು ನ್ಯಾಯವೇ ಕಣಮ್ಮ. ಬೇಜಾರು ಮಾಡ್ಕೋಬೇಡ," ಎಂದರು.

"ದೋಣಿಯ ಬೀಗದ ಕೈ ಎಲ್ಲಿದೆ ಹಾವ್ಲಿದಣ್ಣ?"

"ಯಾರಿಗೆ?"

"ನನಗೆ. ರಜೆ ಹಾಕಿ ಬಂದಿದ್ದೀನಿ. ತಾಂಡೇಲರ ಪರವಾನಗಿ ಇನ್ನೂ ಇಟ್ಕೊಂಡಿದ್ದೀನಿ."

ಹಾವ್ಲಿದಿ ಬೀಗದ ಕೈ ತೂಗುಹಾಕಿದ್ದ ಗೋಡೆಯ ಮೊಳೆ ತೋರಿಸಿದರು.

ತಾನು ತಂದ ಮೀನನ್ನು ತಾನೇ ತೂಗುವಂತಿಲ್ಲ. ಹಾಗಾಗಿ ಪಕ್ಕದ ಬಂದರಿನ ತೂಕದವರಾದ ಸ್ನೈಬ್ಯೋರ್ನ್ ಅವರನ್ನು ಕರೆಸಬೇಕೆಂದು ಸಾಲ್ವೋರ್ ಅವರೇ ಕಚೇರಿಗೆ ಬರೆದುಕೊಟ್ಟರು. ಆಮೇಲೆ ಅಷ್ಟು ವರ್ಷ ಕಾಲಿಡದ ಕಡಲಿಗೆ ಒಂಟಿಯಾಗಿ ಹೊರಟರು. ಮೊದಲ ದಿನ ವಾಂತಿ ಮಾಡಿಕೊಂಡು ಅರ್ಧ ತೊಟ್ಟಿ ತಂದರು. ಊರು ಬಂದು ನೋಡಿ ಹೋಯಿತು. ವಾರ ಕಳೆಯುವಷ್ಟರಲ್ಲಿ ಕೈ ಹಳೆಯ ಪಾಠ ನೆನಪಿಸಿಕೊಂಡಿತು. ಗಾಳದ ದಾರ ಕೊಯ್ದು ಅಂಗೈ ರಕ್ತವಾದರೂ ಹೊರಡುವುದನ್ನು ನಿಲ್ಲಿಸಲಿಲ್ಲ.

ವರ್ಷ ಮುಗಿಯುವ ಹಿಂದಿನ ದಿನ ಅವರ ತೊಟ್ಟಿಗಳು ತಕ್ಕಡಿಗೆ ಬಂದಾಗ, ಐಸು ಕಳೆಯದಿದ್ದರೆ ಅರ್ಧದ ಗಡಿ ದಾಟುತ್ತಿತ್ತು. ಕಳೆದರೆ ಇಲ್ಲ. ದಕ್ಕೆಯಲ್ಲಿ ಜನ ಸೇರಿತ್ತು. ಸ್ನೈಬ್ಯೋರ್ನ್ ಮೆಲುದನಿಯಲ್ಲಿ, "ಐಸು ಸ್ವಲ್ಪವೇ ಇದೆ ಅಂತ ಕಣ್ಣಳತೆಯಲ್ಲಿ ಹಾಕ್ಕೊಳ್ಳಲಾ ಅಕ್ಕ?" ಎಂದರು.

"ಕಣ್ಣಳತೆ ಸಾಕಾಗಿದ್ರೆ ನಿಮ್ಮನ್ನ ಅಷ್ಟು ದೂರದಿಂದ ಯಾಕೆ ಕರೆಸ್ತಿದ್ದೆ? ತೆಗೆದು ನೋಡಿ."

ಐಸು ಧಾರಾಳವಾಗಿಯೇ ಇತ್ತು. ಮೀನು ಕೆಡಬಾರದೆಂದು ಅವರೇ ತುಂಬಿದ್ದರು. ಲೆಕ್ಕ ಕಡಿಮೆ ಬಿತ್ತು. ಸಾಲ್ವೋರ್ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾವೆಲ್ಲ ಅಂದೇ ಮೊದಲು ಕಂಡದ್ದು.

ಕೊನೆಯ ದಿನದ ಮುಂಜಾನೆ ಅವರು ದೋಣಿಗೆ ಬಂದಾಗ ಬ್ರಿನ್ಯಾರ್ ಅಲ್ಲಿ ಮಳೆಯಂಗಿ ತೊಟ್ಟು ನಿಂತಿದ್ದ. ತನ್ನ ಪಾಲಿನ್ನೂ ಬಾಕಿಯಿದ್ದರೂ, ತನ್ನ ದೋಣಿಯನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದ.

"ಮೀನು ತಂದಿಲ್ಲ ಅಕ್ಕ. ನಾನೇ ಬಂದಿದ್ದೀನಿ. ಇದಕ್ಕೂ ಕಾನೂನು ಅಡ್ಡ ಬರುತ್ತಾ?"

"ಬರಲ್ಲ. ಹತ್ತು ಬೇಗ. ಇಲ್ಲಿ ತಾಂಡೇಲ ನಾನು, ಬಾಯಿ ಮುಚ್ಕೊಂಡು ಗಾಳ ಹಾಕ್ಬೇಕು."

"ಅದೊಂದು ಕಷ್ಟ," ಎನ್ನುತ್ತ ಬ್ರಿನ್ಯಾರ್ ಹತ್ತಿದ.

ಸಂಜೆ ದೋಣಿ ನೀರಿನಲ್ಲಿ ತಗ್ಗಿ ಬಂತು. ಸ್ನೈಬ್ಯೋರ್ನ್ ತೂಗಿದರು, ಕೇಳದೆಯೇ ಐಸು ಬೇರ್ಪಡಿಸಿ ಕಳೆದರು, ತಲೆಯೆತ್ತಿ "ಆಯ್ತು" ಎಂದರು. ಹಾವ್ಲಿದಿ ಊರುಗೋಲನ್ನು ಪಕ್ಕಕ್ಕಿಟ್ಟು, ತಮ್ಮ ದೋಣಿಯ ಹಗ್ಗವನ್ನು ತಾವೇ ಬಗ್ಗಿ ಕಟ್ಟಿದರು. ಕಟ್ಟಿ ಮುಗಿಸಿ ಸಾಲ್ವೋರ್ ಅವರ ಗಾಯದ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದು ನಿಂತರು.

ಮರುದಿನ ಸಾಲ್ವೋರ್ ತಕ್ಕಡಿಗೆ ಮರಳಿದರು. ಬ್ರಿನ್ಯಾರ್ ಎಂದಿನಂತೆ ಐಸಿನ ತೊಟ್ಟಿಯನ್ನು ಮುಂದೆ ತಂದಿಟ್ಟ. ಅವರು ಎಂದಿನಂತೆ ಹಿಂದಿನದನ್ನು ಆರಿಸಿದರು. ಮತ್ತೆ ಇಂದಿನವರೆಗೆ ಅವರು ಯಾವ ದೋಣಿಯನ್ನೂ ಹತ್ತಲಿಲ್ಲ. ಅವರನ್ನು ಕಟುವೆಂದವರಲ್ಲಿ ನಾವೂ ಇದ್ದೆವು. ಅವರ ಬಿಗಿಯೂ ಅವರ ಪ್ರೀತಿಯೂ ಒಂದೇ ಎಂದು ತಿಳಿಯಲು ನಮಗೆ ಆ ಬೇಸಿಗೆ ಬೇಕಾಯಿತು.

ಇಂಥ ಹಿರಿಯರಿಗೆ ಆಯುಸ್ಸು ದೀರ್ಘವಾಗಿರಲಿ, ಮಂಡಿಗೆ ಬಲವಿರಲಿ, ದಡದಲ್ಲಿ ನಿಂತು ಬೇರೆಯವರನ್ನು ಕಳಿಸಿಕೊಟ್ಟ ವರ್ಷಗಳನ್ನೆಲ್ಲ ಕಡಲು ಅವರಿಗೆ ಬಡ್ಡಿ ಸಮೇತ ಹಿಂದಿರುಗಿಸಲಿ ಎಂದು ಸ್ಕೆಲ್‌ವಿಕ್ ಒಮ್ಮನಸ್ಸಿನಿಂದ ಹಾರೈಸುತ್ತದೆ. ಈ ಗ್ರಂಥವನ್ನು ಅವರ ಕೈಗಿಡುವ ಸಮಾರಂಭವನ್ನು ನಿವೃತ್ತಿಯ ಮರುದಿನ ಬೆಳಿಗ್ಗೆ ಎಂದು ನಾವು ಗೊತ್ತುಮಾಡಿದ್ದೆವು. ತಿಳಿಸಲು ಹೋದವರಿಗೆ ಅವರು ಹೇಳಿಕಳಿಸಿದ ಉತ್ತರ ಹೀಗಿದೆ: "ಬೆಳಿಗ್ಗೆ ಇಟ್ಕೊಂಡ್ರೆ ನಾನಿರಲ್ಲ. ಗಾಳಿ ಇಳಿದಿದೆ, ಹಾವ್ಲಿದಣ್ಣ ಆಗಲೇ ದೋಣಿಗೆ ಎಣ್ಣೆ ತುಂಬಿಸಿಟ್ಟಿದ್ದಾರೆ. ಸಂಜೆ ಎಲ್ಲರೂ ದಕ್ಕೆಗೇ ಬನ್ನಿ. ಆದ್ರೆ ಮೊದಲು ತೂಕ, ಆಮೇಲೆ ಭಾಷಣ."