ಕೊಕ್ಕೆಯ ಕೆಳಗಿನ ಹಳದಿ

ಆ ಪುಡಿ ಹಳದಿಯಾಗಿತ್ತು ಎನ್ನುವುದೊಂದರಲ್ಲಿ ನನಗೂ ಅಕ್ಕನಿಗೂ ಜಗಳವಿಲ್ಲ. ಅದು ಸಿಕ್ಕ ಹೊತ್ತು ಮಧ್ಯಾಹ್ನವೋ ಇಳಿಹೊತ್ತೋ, ಅಂಗಳದ ಬೆಳಕು ಬೇವಿನ ಎಲೆಗಳಲ್ಲಿ ಸೋಸಿ ಬರುತ್ತಿತ್ತೋ ಇಲ್ಲವೋ, ಹೇಳಲಾರೆ. ಬಬಲೇಶ್ವರದ ನಮ್ಮ ಮನೆಯ ಅಂಗಳದಲ್ಲಿ ಬೇವಿನ ಮರವೇ ಇಲ್ಲ. ಆದರೂ ನೆನಪಿನಲ್ಲಿ ಅದರ ನೆರಳು ಹಾಸಿದ ಪಂಚೆಯ ಮೇಲೆ ಮೆಲ್ಲಗೆ ಸರಿಯುತ್ತದೆ, ನಡುವೆ ರೈಫಲ್ಲಿನ ಬೋಲ್ಟ್ ಮೀನಿನಂತೆ ಹೊಳೆಯುತ್ತ ಮಲಗಿದೆ. ಇದೆಲ್ಲ ಆಗಿದ್ದು ಹೋದ ವರ್ಷವಷ್ಟೇ.

ರೈಫಲ್ ಅಕ್ಕನದು. ಅವಳು ತಿಕೋಟಾದ ಶಾಲೆಯೊಂದರಲ್ಲಿ ಆಟ ಕಲಿಸುತ್ತಾಳೆ, ರವಿವಾರ ವಿಜಯಪುರದ ಹೊರಗಿನ ಒಂದು ಉದ್ದನೆಯ ಶೆಡ್ಡಿನಲ್ಲಿ ಗುರಿ ಹೊಡೆಯುವ ಅಭ್ಯಾಸ ಮಾಡುತ್ತಾಳೆ. ಪರವಾನಗಿ ಪಡೆದು ಕೊಂಡ ಸಣ್ಣ ಗುಂಡಿನ ರೈಫಲ್. ಒಂದೊಂದೇ ತೋಟೆ ಹಾಕಬೇಕು, ಹೊಡೆದ ಮೇಲೆ ಬೋಲ್ಟ್ ಎಂಬ ಉಕ್ಕಿನ ಅಗುಳಿಯನ್ನು ಹಿಂದಕ್ಕೆ ಎಳೆದು ಖಾಲಿ ತೋಟೆಯನ್ನು ಹೊರಗೆ ತೆಗೆಯಬೇಕು. ವಿಭಾಗದ ತಂಡದ ಆಯ್ಕೆಯಲ್ಲಿ ಹಿಂದೆ ಎರಡು ಸಲ ಸ್ವಲ್ಪದರಲ್ಲಿ ತಪ್ಪಿತ್ತು. ಈ ಸಲವೂ ಆಗದಿದ್ದರೆ ಮಾರಿಬಿಡುತ್ತೇನೆ ಎಂದಿದ್ದಳು. ಅವಳು ಹಾಗೆಲ್ಲ ಸುಮ್ಮನೆ ಹೇಳುವವಳಲ್ಲ.

ಆಯ್ಕೆಗೆ ವಾರ ಮೊದಲು ಮಹಾನವಮಿ ಬಂತು. ಅವ್ವ ಕುಡಗೋಲು, ಹೊಲಿಗೆ ಯಂತ್ರ, ಅಕ್ಕನ ಸ್ಕೂಟರು ಎಲ್ಲವನ್ನೂ ಸಾಲಾಗಿಟ್ಟು ಪೂಜೆ ಮಾಡಿದಳು. ಸಾಲಿನ ಕೊನೆಗೆ ರೈಫಲ್. ಅದರ ಬೋಲ್ಟಿಗೂ ವಿಭೂತಿ ಬಿತ್ತು. ಮುಂದಿನ ಅಭ್ಯಾಸದಲ್ಲಿ ಖಾಲಿ ತೋಟೆಗಳು ಹೊರಗೆ ಬರಲೊಲ್ಲವು. ಬೋಲ್ಟ್ ಬರಿಗೈಯಲ್ಲಿ ಹಿಂದಕ್ಕೆ ಬರುತ್ತಿತ್ತು.

ತೋಟೆಯನ್ನು ಎಳೆದು ತರುವುದು ಬೋಲ್ಟಿನ ತುದಿಯಲ್ಲಿರುವ ಎಕ್ಸ್‌ಟ್ರಾಕ್ಟರ್ ಎಂಬ ಚಿಕ್ಕ ಕೊಕ್ಕೆ. ಅದು ತೋಟೆಯ ಅಂಚನ್ನು ಕಚ್ಚಿ ಹಿಡಿಯುತ್ತದೆ, ಹಿಂದಿನ ಪುಟ್ಟ ಸ್ಪ್ರಿಂಗು ಆ ಹಿಡಿತ ಸಡಿಲವಾಗದಂತೆ ಒತ್ತಿಕೊಂಡಿರುತ್ತದೆ. ಅಂಗಳದಲ್ಲಿ ಅದನ್ನು ಬಿಚ್ಚಲು ಕೂತೆವು. ಸ್ಪ್ರಿಂಗು ಹಾರಿಹೋಗದಂತೆ ಅಕ್ಕ ಹೆಬ್ಬೆರಳಿಟ್ಟಳು, ನಾನು ಕೊಕ್ಕೆಯನ್ನು ಹಿಡಿದ ಪಿನ್ನು ತಳ್ಳಿದೆ. ಕೊಕ್ಕೆಯ ಕೆಳಗೆ ವಿಭೂತಿಯೂ ಎಣ್ಣೆಯೂ ಸೇರಿ ಆದ ಬೂದು ರಾಡಿ. ರಾಡಿಯ ಒಳಗೆ ಆ ಹಳದಿ.

ಅರಿಷಿಣ ಎಂದೆ ನಾನು. ಹಿತ್ತಾಳೆ ಎಂದಳು ಅಕ್ಕ.

ಅರಿಷಿಣವಾದರೆ ಚಿಂತೆಯಿಲ್ಲ, ಸೀಮೆಎಣ್ಣೆಯಲ್ಲಿ ತೊಳೆದರೆ ಮುಗಿಯಿತು. ಹಿತ್ತಾಳೆಯಾದರೆ ಕೊಕ್ಕೆ ಎಲ್ಲೋ ಕೆಟ್ಟು ತೋಟೆಯ ಹಿತ್ತಾಳೆಯನ್ನು ಕೆರೆಯುತ್ತಿದೆ ಎಂದರ್ಥ. ಎಷ್ಟು ತೊಳೆದರೂ ಆಯ್ಕೆಯ ದಿನ ಮತ್ತೆ ಸಿಕ್ಕಿಕೊಳ್ಳಬಹುದು.

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. “ವಿಭೂತಿ ಅಷ್ಟ ಹಚ್ಚೇನೋ ಯಪ್ಪಾ. ಅರಿಷಿಣ ಮುಟ್ಟಿಲ್ಲ ನಾ.”

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವನು, ಸಾಕ್ಷಿಗಿಂತ ಪರೀಕ್ಷೆ ಮೇಲು ಎಂದು ನಂಬಿದವನು. ಅವ್ವನ ಎಲಿ ಅಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ತಟ್ಟೆಯಲ್ಲಿ ಕದಡಿದೆ. ಅರಿಷಿಣವಾಗಿದ್ದರೆ ಓಕುಳಿಯಂತೆ ಕೆಂಪಾಗಬೇಕು. ಪುಡಿಯನ್ನು ಕಡ್ಡಿಯ ತುದಿಯಿಂದ ಒಳಗೆ ಬಿಟ್ಟೆ. ಕೆಂಪಾಯಿತು. ನೀರಿನೊಳಗೆ ಹೂವೊಂದು ಬಿರಿದಂತೆ, ನಿಧಾನವಾಗಿ. ಇದನ್ನು ಬರೆಯುವಾಗಲೂ ಕಾಣುತ್ತಿದೆ.

ಆದರೆ ಕೆಂಪಾಗಲಿಲ್ಲ. ಅಕ್ಕ ಹೇಳುವುದು ಹಾಗೆ, ಅವ್ವನೂ ಹಾಗೇ, ಮತ್ತು ಆಮೇಲೆ ನಡೆದದ್ದೆಲ್ಲ ಅವರ ಕಡೆಗೇ ಇದೆ. ಪುಡಿ ಸುಣ್ಣದ ನೀರಿನ ತಳದಲ್ಲಿ ಹಳದಿಯಾಗಿಯೇ ಮಿನುಗುತ್ತ ಕೂತಿತ್ತಂತೆ. ನಾನು ಇನ್ನೊಂದಿಷ್ಟು ಸುಣ್ಣ ಹಾಕಿದೆನಂತೆ.

“ನಿನಗ ಅವ್ವನ ಪೂಜೀದ ತಪ್ಪ ಆಗಬೇಕಾಗೇತಿ,” ಎಂದಳು ಅಕ್ಕ. “ಅದಕ್ಕ ಅರಿಷಿಣ ಕಾಣಾಕತ್ತೈತಿ.”

ಮರುದಿನ ಇಬ್ಬರೂ ವಿಜಯಪುರದ ಬಸ್ಸು ಹತ್ತಿದೆವು. ಬೋಲ್ಟು, ಪರವಾನಗಿ ಎರಡೂ ಅಕ್ಕನ ತೊಡೆಯ ಮೇಲಿನ ಚೀಲದಲ್ಲಿ. ಸಾರವಾಡದಲ್ಲಿ ಹತ್ತಿದ ಜನರ ನಡುವೆ ಅವಳು ಅದನ್ನು ಮಲಗಿದ ಕೂಸಿನಂತೆ ಹಿಡಿದುಕೊಂಡಿದ್ದಳು. ಕಿಟಕಿಯಾಚೆ ಕರಿನೆಲ ಬಿಸಿಲಿನಲ್ಲಿ ತೇಲುತ್ತಿತ್ತು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಬಂದೂಕು ರಿಪೇರಿಯ ಅಂಗಡಿಯಿದೆ. ಅಂಗಡಿಯ ಚಾಚಾ ಕೊಕ್ಕೆಯನ್ನು ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿ, ನವರಾತ್ರಿ ಆದ ಮೇಲೆ ಈ ಊರಿನ ಬಂದೂಕುಗಳಿಗೆಲ್ಲ ನೆಗಡಿ ಬರುತ್ತದೆ ಎಂದು ನಕ್ಕ. ರಾಡಿಯಿಂದ ಸ್ಪ್ರಿಂಗು ಮಂದವಾಗಿದ್ದು ನಿಜ. ಅದನ್ನು ಬದಲಿಸಿಕೊಟ್ಟ. ಆಮೇಲೆ ನಗು ನಿಂತಿತು.

ಕೊಕ್ಕೆಯ ಮೂತಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಎದ್ದು ತೋಟೆಯನ್ನು ಕೆರೆಯುತ್ತಿತ್ತು. ಹೊಸ ಕೊಕ್ಕೆ ಪುಣೆಯಿಂದ ಬರಬೇಕು, ಆಯ್ಕೆಯೊಳಗೆ ಬರುವುದಿಲ್ಲ.

“ಕಲ್ಲಿಗೆ ಹಚ್ಚಿ ಮುಳ್ಳ ತಗೀತೇನ್ರಿ ಬಾಯಾರ,” ಎಂದ. “ಆದ್ರ ಒಂದ ಎಳಿ ಹೆಚ್ಚ ಹೋತಂದ್ರ ಅದು ಏನೂ ಹಿಡಿಯಂಗಿಲ್ಲ. ನೀವ ಹೇಳ್ರಿ.”

ನಾನು ಬೇಡ ಎನ್ನುವವನಿದ್ದೆ. ಅಕ್ಕ ಹಚ್ಚಲು ಹೇಳಿದಳು. ಸಾಣೆಕಲ್ಲಿನ ಮೇಲೆ ಎಣ್ಣೆಯ ಹನಿ, ಅದರ ಮೇಲೆ ಕೊಕ್ಕೆ. ಓಣಿಯ ಆಟೋಗಳ ಗದ್ದಲ ದೂರ ಸರಿದು, ಯಾರೋ ರೇಷ್ಮೆ ಸೀರೆ ಮಡಚುತ್ತಿರುವಂಥ ಸಪ್ಪಳವಷ್ಟೇ ಉಳಿಯಿತು. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಸಾಕ್ರಿ ಎಂದಳು. ಅವನು ನಿಲ್ಲಿಸಿದ. ಇನ್ನೂ ಒಂದು ಚೂರು ಮುಳ್ಳು ಉಳಿದಿದೆ ಎಂದ. ಇರಲಿ ಎಂದಳು.

ಆಯ್ಕೆ ಅದೇ ಶೆಡ್ಡಿನಲ್ಲಿ ನಡೆಯಿತು. ನಾನು ಹಗ್ಗದ ಹಿಂದೆ ನಿಂತು ಗುರಿಯನ್ನಾಗಲಿ ಅವಳ ಮುಖವನ್ನಾಗಲಿ ನೋಡದೆ ಬೋಲ್ಟ್ ಒಂದನ್ನೇ ನೋಡಿದೆ. ಎಳೆತ, ಹಿತ್ತಾಳೆಯ ಮಿಂಚು, ಚಾಪೆಯಾಚೆ ನೆಲದ ಮೇಲೆ ಟಿಣ್ ಎಂಬ ಸದ್ದು. ಕಿವಿಗೆ ಹತ್ತಿ ತುರುಕಿಕೊಂಡಿದ್ದೆ, ಆದರೂ ಪ್ರತಿಯೊಂದು ಟಿಣ್ ಕೇಳಿದೆ. ಒಂದೂ ಸಿಕ್ಕಿಕೊಳ್ಳಲಿಲ್ಲ.

ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಅವಳ ಹೆಸರು ಆಯ್ಕೆಯಾದವರಲ್ಲಿ ಎಲ್ಲರಿಗಿಂತ ಕೆಳಗೆ ಇತ್ತು, ಆದರೆ ಗೆರೆಯ ಮೇಲೆ. ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಕೊಕ್ಕೆ ಕೊನೆಯವರೆಗೂ ಕೈ ಕೊಡಲಿಲ್ಲ ನೋಡು ಎಂದೆ ನಾನು.

“ನಡುವ ಒಂದ ಸಿಕ್ಕಿತ್ತಲೋ,” ಎಂದಳು. “ಉಗುರಿಲೆ ಕಿತ್ತ ತಗದೆ. ನೀ ಎಲ್ಲಿ ನೋಡಾಕತ್ತಿದ್ದಿ?”

ಹೆಬ್ಬೆರಳು ಚಾಚಿದಳು. ಉಗುರಿನ ಮೂಲೆ ಹರಿದು, ಮಸಿ ಮೆತ್ತಿ, ಸ್ವಲ್ಪ ರಕ್ತ ಕಾಣುತ್ತಿತ್ತು.